ಟ್ಯಾಲಿ ಆಗದಿದ್ದರೆ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಜೂನಿಯರ್‌ಗಳಿಗೆ ಅಕೌಂಟೆನ್ಸಿ ಅಭ್ಯಾಸದ ಗುಂಪು ನಡೆಸಲಿರುವೆ ಎಂದು ನೀನು ಬರೆದ ಕಾಗದ ಓದಿದಾಗಿನಿಂದ ಒಂದೇ ಸಾಲು ಮನಸ್ಸನ್ನು ಕೊರೆಯುತ್ತಿದೆ: "ಜೂನಿಯರ್‌ಗಳ ಎದುರಿಗೇ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗದಿದ್ದರೆ ಏನು ಮಾಡಲಿ?"

ಆಸ್ತಿಯ ಕಡೆ, ಸಾಲ-ಬಂಡವಾಳದ ಕಡೆ ಎರಡರ ಮೊತ್ತ ಎಷ್ಟೋ ದಿನ ಒಂದೇ ಆಗುವುದಿಲ್ಲ ಮಗಳೆ. ಆದರೆ ಚಾಕ್‌ಪೀಸ್ ನಿನ್ನ ಕೈಯಲ್ಲಿದ್ದರೆ ತಾನೆ ಆ ಹೆದರಿಕೆ? ಅವರ ಕೈಗೆ ಕೊಡು. ಅಮೆರಿಕದ ಕ್ಯಾನ್ಸಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಇಂಥ ಗುಂಪುಗಳನ್ನು ಶುರುಮಾಡಿದ ಡಿಯಾನಾ ಮಾರ್ಟಿನ್ ಅವರ ಪದ್ಧತಿಯೂ ಇದೇ. ನಡೆಸುವ ವಿದ್ಯಾರ್ಥಿ ಪಾಠವನ್ನು ಮತ್ತೆ ಮಾಡುವುದಿಲ್ಲ, ಬಂದ ಪ್ರಶ್ನೆಯನ್ನು ಗುಂಪಿಗೇ ತಿರುಗಿಸುತ್ತಾಳೆ. ಐದಾರು ಜನ ಸಾಕು. ಎಂಟು ದಾಟಿದರೆ ಇಬ್ಬರು ಬಿಡಿಸುತ್ತಾರೆ, ಉಳಿದವರು ನಕಲು ಮಾಡಿಕೊಳ್ಳುತ್ತಾರೆ.

ಲೆಕ್ಕ ಕೂಡಲಿಲ್ಲ ಅಂದುಕೋ. ಅಳಿಸಲು ಬಿಡಬೇಡ. ವ್ಯತ್ಯಾಸ ಎಷ್ಟೆಂದು ಬೋರ್ಡಿನ ಮೂಲೆಯಲ್ಲಿ ಬರೆಸು. ಅದು ಒಂಬತ್ತರಿಂದ ಭಾಗವಾದರೆ ಅಂಕಿ ಹಿಂದುಮುಂದಾಗಿರಬಹುದು: 5,400 ಹೋಗಿ 4,500 ಆದರೆ ವ್ಯತ್ಯಾಸ 900. ಆಮೇಲೆ ವ್ಯತ್ಯಾಸದ ಅರ್ಧದಷ್ಟು ಮೊತ್ತ ಪಟ್ಟಿಯಲ್ಲಿದೆಯೇ ಹುಡುಕಲಿ. ಡೆಬಿಟ್ಟಿನದು ಕ್ರೆಡಿಟ್ಟಿಗೆ ಬಿದ್ದಿದ್ದರೆ ಎರಡರಷ್ಟು ಏರುಪೇರಾಗುತ್ತದೆ. ಬಹುಪಾಲು ತಪ್ಪು ಅಡ್ಜಸ್ಟ್‌ಮೆಂಟಿನಲ್ಲೇ, ಅಂದರೆ ವರ್ಷದ ಕೊನೆಗೆ ಸೇರಿಸುವ ಹೊಂದಾಣಿಕೆಯಲ್ಲೇ, ಸಿಗುತ್ತದೆ. ಇನ್ನೂ ಕೊಡಬೇಕಾದ ಸಂಬಳ 2,000 ಅನ್ನು ಸಂಬಳದ ಖರ್ಚಿಗೆ ಕೂಡಿಸಿ, ಲಯಬಿಲಿಟಿ (ಸಾಲದ) ಕಡೆ ತೋರಿಸಲು ಮರೆತಿರುತ್ತಾರೆ. ಪ್ರತಿ ಅಡ್ಜಸ್ಟ್‌ಮೆಂಟೂ ಹೀಗೆ ಎರಡು ಕಡೆ ಬರುವುದರಿಂದ ಅದರ ಪಕ್ಕ ಎರಡು ಟಿಕ್ ಬೀಳಲೇಬೇಕು.

ನನಗೆ ಭಯವಾಗುವುದು ಟ್ಯಾಲಿ ಆದ ಲೆಕ್ಕದ ಬಗ್ಗೆ. ಅದೇ 2,000ವನ್ನು ಎರಡೂ ಕಡೆ ಬಿಟ್ಟರೆ ಶೀಟ್ ನೆಟ್ಟಗೆ ಕೂಡುತ್ತದೆ, ಲಾಭ ಮಾತ್ರ ಸುಳ್ಳು. ಹಾಗಾಗಿ ಕೂಡಿದ ದಿನವೂ ಟಿಕ್ ಎಣಿಸಿ.

ನಮ್ಮ ಕಾಲದಲ್ಲಿ ಲೆಕ್ಕ ಹತ್ತದ ಹುಡುಗರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತು ಉತ್ತರ ಬರೆದುಕೊಂಡು ಹೋಗುತ್ತಿದ್ದರು. ಅವರಿಗೂ ಇಂಥ ಗುಂಪೊಂದಿದ್ದರೆ ಎಂಬ ಕೊರಗು ಇವತ್ತಿಗೂ ಇದೆ. ಕನ್ನಡ ಮಾಧ್ಯಮದಿಂದ ಬಂದವರು ನಿನ್ನಲ್ಲೂ ಇರುತ್ತಾರೆ. ಕನ್ನಡದಲ್ಲೇ ವಿವರಿಸಲಿ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ಪ್ರಶ್ನೆ ಕೇಳಿದ ಮೇಲೆ ನೀನು ತಕ್ಷಣ ಬಾಯಿ ಹಾಕಬೇಡ. ಮನಸ್ಸಿನಲ್ಲೇ ಹತ್ತು ಎಣಿಸು. ಆ ಮೌನ ಕಷ್ಟವೇ, ಬಲ್ಲೆ.

ಹದಿನೈದು ನಿಮಿಷ ಹುಡುಕಿದರೂ ಸಿಗದಿದ್ದರೆ? ವ್ಯತ್ಯಾಸವನ್ನು ಸಸ್ಪೆನ್ಸ್ ಎಂಬ ತಾತ್ಕಾಲಿಕ ಖಾತೆಗೆ ಹಾಕಿ ಮುಚ್ಚಬೇಡ, ಅಂದಾಜಿನ ಉತ್ತರವನ್ನೂ ಹೇಳಬೇಡ. ಅದು ಐದು ನೋಟ್‌ಬುಕ್ಕಿಗೆ ಇಳಿದು ಇಂಟರ್ನಲ್ಸ್‌ನಲ್ಲಿ ಹಾಗೇ ಬರುತ್ತದೆ. "ನನಗೂ ಸಿಕ್ಕಿಲ್ಲ" ಅನ್ನು. ಬೋರ್ಡಿನ ಫೋಟೋ ತೆಗೆದುಕೊಂಡು, ಬಿಡಿಸಿದವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಮೇಷ್ಟ್ರ ಹತ್ತಿರ ಹೋಗು. ಮುಂದಿನ ಸಲ ಮೊದಲ ಐದು ನಿಮಿಷ ಅದಕ್ಕೇ ಇಡು, ಹೇಳುವುದು ಆ ಹುಡುಗನೇ ಆಗಲಿ.

ಹೆಚ್ಚು ಹೇಳಿದೆನೇನೋ. ಮೊದಲ ವಾರಕ್ಕೆ ಮೂರು ಅಡ್ಜಸ್ಟ್‌ಮೆಂಟಿರುವ ಲೆಕ್ಕ ಸಾಕು. ಹಿಂದಿನ ರಾತ್ರಿ ನೀನೂ ಒಮ್ಮೆ ಬಿಡಿಸಿಕೊಂಡು ಹೋಗು.

ಇಂತಿ,
ನಿನ್ನ ದೊಡ್ಡಪ್ಪ