ಫೀಸು ಕಟ್ಟುವ ಮುಂಚೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಎಲೆಕ್ಟ್ರಿಷಿಯನ್ ಕೆಲಸದ ಎರಡು ವರ್ಷದ ಡಿಗ್ರಿಗೆ ಸೇರಲೋ, ಈಗಲೇ ಕೆಲಸಕ್ಕಿಳಿದು ಕಲಿಯಲೋ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಓದು ಬೇಕು. ಆದರೆ ಓದಿದ ವರ್ಷಗಳು ನಿನ್ನ ಲೈಸೆನ್ಸಿನ ಲೆಕ್ಕಕ್ಕೆ ಸೇರದಿದ್ದರೆ ಅದು ತುಂಬ ದುಬಾರಿ ಓದು.

ನೀನು ಕಳಿಸಿದ ಪಟ್ಟಿಯಲ್ಲಿ ಫೀಸಿದೆ, ಪುಸ್ತಕವಿದೆ, ಹಾಸ್ಟೆಲ್ಲಿದೆ. ಎಲ್ಲಕ್ಕಿಂತ ದೊಡ್ಡ ಖರ್ಚೇ ಅದರಲ್ಲಿಲ್ಲ, ಅಂದರೆ ಆ ಎರಡು ವರ್ಷ ನಿನ್ನ ಕೈಗೆ ಬಾರದೇ ಹೋಗುವ ಸಂಬಳ. ವರ್ಷದ ಖರ್ಚು 100 ಅಂದುಕೋ, ಹೆಲ್ಪರ್ ಆಗಿ ಸೇರಿದರೆ ವರ್ಷಕ್ಕೆ 150 ಸಿಗುತ್ತದೆ ಅಂದುಕೋ. ಎರಡು ವರ್ಷಕ್ಕೆ ಖರ್ಚು 200, ಬಿಟ್ಟ ಸಂಬಳ 300, ಒಟ್ಟು 500. ಓದಿ ಬಂದ ಮೇಲೆ ವರ್ಷಕ್ಕೆ 50 ಹೆಚ್ಚು ದುಡಿದರೆ ಅದು ತೀರಲು 10 ವರ್ಷ ಬೇಕು, 100 ಹೆಚ್ಚು ದುಡಿದರೆ 5 ವರ್ಷ. ಯಾರಿಗಿಂತ ಹೆಚ್ಚು ಅನ್ನುವುದನ್ನು ಮಾತ್ರ ಸರಿಯಾಗಿ ಹಿಡಿ. ಏನೂ ಕಲಿಯದವನ ಜೊತೆ ಹೋಲಿಸಿದರೆ ಯಾವ ಕೋರ್ಸೂ ಲಾಭದ್ದೇ. ನೀನು ಹೋಲಿಸಬೇಕಾದ್ದು ಅದೇ ಎರಡು ವರ್ಷ ಸೈಟಿನಲ್ಲಿ ಪೈಪು ಹಾಕಿ, ವೈರ್ ಎಳೆದು, ಕೈ ಪಳಗಿಸಿಕೊಂಡವನ ಜೊತೆ.

ಇನ್ನು ಲೈಸೆನ್ಸಿನ ಮಾತು. ಬಹಳಷ್ಟು ಕಡೆ ಸ್ವತಂತ್ರವಾಗಿ ಕೆಲಸ ಮಾಡಬೇಕಾದರೆ ಅನುಭವಸ್ಥರ ಕೈಕೆಳಗೆ ಇಂತಿಷ್ಟು ಕಾಲ ದುಡಿದಿರಬೇಕು. ಜರ್ಮನಿಯಲ್ಲಿ ಈ ತರಬೇತಿ ಮೂರೂವರೆ ವರ್ಷದ್ದು. ಅಮೆರಿಕದ ಹಲವು ರಾಜ್ಯಗಳಲ್ಲಿ ಸುಮಾರು 8000 ಗಂಟೆಗಳ ಕೆಲಸ ಕೇಳುತ್ತಾರೆ, ಅಂದರೆ ಹೆಚ್ಚುಕಡಿಮೆ 4 ವರ್ಷ. ಎರಡು ಕಡೆಯೂ ಅಪ್ರೆಂಟಿಸ್‌ಗೆ, ಅಂದರೆ ದುಡಿಯುತ್ತಲೇ ಕೆಲಸ ಕಲಿಯುವವರಿಗೆ, ಸಂಬಳವುಂಟು. ನಿನ್ನ ಡಿಗ್ರಿ ಈ ಅವಧಿಯಲ್ಲಿ ಒಂದು ವರ್ಷ ಕಡಿಮೆ ಮಾಡಿಸಿದರೂ ಲೆಕ್ಕವೇ ಬದಲಾಗುತ್ತದೆ. ಒಂದು ದಿನವೂ ಕಡಿಮೆಯಾಗದಿದ್ದರೆ, ಓದು ಮುಗಿಸಿ ಬಂದವಳು ಮತ್ತೆ ಮೊದಲ ಮೆಟ್ಟಿಲಲ್ಲೇ ನಿಲ್ಲಬೇಕಾಗುತ್ತದೆ. ಇದನ್ನು ಕಾಲೇಜಿನವರ ಬಾಯಿಂದ ಕೇಳಿ ನಂಬಬೇಡ. ಲೈಸೆನ್ಸ್ ಕೊಡುವ ಕಚೇರಿಯಲ್ಲೇ ವಿಚಾರಿಸು, ಬರಹದಲ್ಲಿ ತೆಗೆದುಕೋ.

ಹಾಗಂತ ಓದನ್ನು ಹಗುರ ಮಾಡುತ್ತಿಲ್ಲ. ತ್ರೀ ಫೇಸಿನಲ್ಲಿ, ಅಂದರೆ ಮೂರು ಲೈನಿನಲ್ಲಿ ಕರೆಂಟು ಬರುವ ಕಡೆ, ಮೂರೂ ಲೋಡು ಸಮನಾಗಿದ್ದರೆ ಕರೆಂಟು ವಾಪಸು ಹೋಗುವ ತಂತಿಯಾದ ನ್ಯೂಟ್ರಲ್‌ನಲ್ಲಿ ಕರೆಂಟು ಹರಿಯುವುದಿಲ್ಲ ಅಂತ ಎಲ್ಲ ವೈರ್‌ಮನ್‌ಗಳೂ ಹೇಳುತ್ತಾರೆ. ಆದರೆ ಕಂಪ್ಯೂಟರು, ಎಲ್‌ಇಡಿ ದೀಪಗಳೇ ತುಂಬಿದ ಕಟ್ಟಡದಲ್ಲಿ ಮೂರೂ ಸಮನಾಗಿದ್ದರೂ ನ್ಯೂಟ್ರಲ್ ಬಿಸಿಯಾಗುವುದುಂಟು. ಆ ಉಪಕರಣಗಳು ಎಳೆಯುವ ಕರೆಂಟಿನಲ್ಲಿ ಮೂರನೇ ಹಾರ್ಮೋನಿಕ್ ಇರುತ್ತದೆ, ಅಂದರೆ ಲೈನಿನ ಮೂರರಷ್ಟು ವೇಗದಲ್ಲಿ ಅಲೆಯುವ ಕರೆಂಟು, 50 ಹರ್ಟ್ಸ್ ಲೈನಿನಲ್ಲಿ 150 ಹರ್ಟ್ಸಿನದು. ಮೂರು ಫೇಸಿನಿಂದ ಬರುವ ಇದು ಒಂದನ್ನೊಂದು ಕಳೆಯುವುದಿಲ್ಲ, ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ. ತಿಳಿಯದವನು ಜಾಯಿಂಟ್ ಬಿಗಿ ಮಾಡಿ ಹೋಗುತ್ತಾನೆ, ತಿಂಗಳಲ್ಲಿ ಮತ್ತೆ ಬಿಸಿಯಾಗುತ್ತದೆ. ತಿಳಿದವಳು ಕ್ಲ್ಯಾಂಪ್ ಮೀಟರ್ ಹಾಕಿ ಕರೆಂಟು ಅಳೆದು, ದಪ್ಪ ನ್ಯೂಟ್ರಲ್ ಎಳೆಸುತ್ತಾಳೆ. ಇಂಥ ತಿಳಿವಳಿಕೆ ಬರೀ ಕೈಕೆಲಸದಿಂದ ಬರುವುದು ಬಹಳ ಅಪರೂಪ. ಪ್ಯಾನೆಲ್, ರಿಲೇ, ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿ, ಸೋಲಾರ್ ಇನ್ವರ್ಟರ್ ಕಡೆಗೆ ಹೋಗುವ ಆಸೆ ನಿನಗಿದ್ದರೆ ಇದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಮನೆ ವೈರಿಂಗಿನಲ್ಲೇ ಇರುತ್ತೇನೆ ಅಂದರೆ ಇಷ್ಟು ಖರ್ಚಿನ ಅಗತ್ಯ ನನಗೆ ಕಾಣುವುದಿಲ್ಲ.

ನಿನ್ನ ವಯಸ್ಸಿನಲ್ಲಿ ಯಾರೂ ಯೋಚಿಸದ ಇನ್ನೊಂದು ವಿಷಯವಿದೆ. ಈ ಕೆಲಸ ಮೈಯನ್ನು ತಿನ್ನುತ್ತದೆ. ಕೈ ಮೇಲೆತ್ತಿಕೊಂಡು ಛಾವಣಿಗೆ ತೂತು ಕೊರೆದ ಭುಜ, ಏಣಿ ಹತ್ತಿಳಿದ ಮಂಡಿ ನಲವತ್ತೈದರ ಹೊತ್ತಿಗೆ ಮಾತಾಡತೊಡಗುತ್ತವೆ. ಕೈಕೆಲಸವೊಂದೇ ಗೊತ್ತಿದ್ದವರು ನೋವು ನುಂಗಿಕೊಂಡು ಏಣಿ ಹತ್ತುತ್ತಲೇ ಇರುವುದನ್ನು ಕಂಡು ನನ್ನ ಕರುಳು ಚುರುಕ್ಕೆಂದಿದೆ. ಟೆಸ್ಟಿಂಗ್, ಎಸ್ಟಿಮೇಟ್, ಇನ್‌ಸ್ಪೆಕ್ಷನ್, ಪಾಠ ಹೇಳುವ ಕೆಲಸ ಇವಕ್ಕೆಲ್ಲ ಆಗ ಓದಿದ ಕಾಗದ ಕೇಳುತ್ತಾರೆ. ಡಿಗ್ರಿಯ ನಿಜವಾದ ಆದಾಯ ಮೊದಲ ಸಂಬಳಕ್ಕಿಂತ ಹೆಚ್ಚಾಗಿ ಅಲ್ಲಿದೆ ಅನ್ನುವುದು ನನ್ನ ನಂಬಿಕೆ. ಆದರೆ ಆ ಕಾಗದ ಈಗಲೇ ಕೈಯಲ್ಲಿರಬೇಕು ಅಂತೇನಿಲ್ಲ. ಮೂವತ್ತರೊಳಗೆ ಸಂಜೆ ತರಗತಿಯಲ್ಲಿ ಓದಿಯೂ ಪಡೆಯಬಹುದು, ಕೆಲವೊಮ್ಮೆ ಕೆಲಸ ಕೊಟ್ಟವರೇ ಫೀಸು ಕಟ್ಟುತ್ತಾರೆ.

ಹೆಣ್ಣುಮಗಳು ಅಂತ ಸೈಟಿಗೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವವರು ಈಗಲೂ ಇದ್ದಾರೆ. ತಪ್ಪು ಅವರದ್ದು, ಆದರೆ ಅಂಥವರ ಎದುರಿಗೆ ಸರ್ಟಿಫಿಕೇಟು ಮಾತಾಡುತ್ತದೆ. ನಿನ್ನ ಲೆಕ್ಕದಲ್ಲಿ ಇದಕ್ಕೂ ಒಂದು ಬೆಲೆ ಕೊಡು.

ಸಾಲ ಮಾಡಿ ಓದುವುದಾದರೆ ಎಚ್ಚರ. ಶೇ. 12ರ ಚಕ್ರಬಡ್ಡಿಯಲ್ಲಿ ತೀರಿಸದೆ ಬಿಟ್ಟ ಸಾಲ ಸುಮಾರು 6 ವರ್ಷದಲ್ಲಿ ಎರಡರಷ್ಟಾಗುತ್ತದೆ. ಅಪ್ರೆಂಟಿಸ್ ಸಂಬಳದಲ್ಲಿ ಕಂತು ಕಟ್ಟಲಾಗದಿದ್ದರೆ ಆ ಸಾಲ ಬೇಡವೇ ಬೇಡ.

ನಾನಾಗಿದ್ದರೆ ಮೊದಲು ಸಂಬಳದ ಅಪ್ರೆಂಟಿಸ್ ಜಾಗ ಹುಡುಕುತ್ತಿದ್ದೆ. ಅದು ಸಿಗದಿದ್ದರೆ, ಅಥವಾ ಡಿಗ್ರಿಯ ಗಂಟೆಗಳು ಲೈಸೆನ್ಸಿಗೆ ಸೇರುತ್ತವೆ ಅಂತ ಖಚಿತವಾದರೆ, ಕಾಲೇಜು. ಸೇರುವ ಮುಂಚೆ ಅವರ ಲ್ಯಾಬಿಗೊಮ್ಮೆ ಹೋಗು. ಹುಡುಗರು ತಾವೇ ಮೋಟಾರಿನ ಸ್ಟಾರ್ಟರ್ ಬಿಚ್ಚಿ ಕಟ್ಟುತ್ತಿದ್ದಾರೋ, ಮೇಷ್ಟರು ಮಾಡುವುದನ್ನು ನಿಂತು ನೋಡುತ್ತಿದ್ದಾರೋ ಗಮನಿಸು. ಹಿಂದಿನ ವರ್ಷ ಮುಗಿಸಿದ ಇಬ್ಬರು ಮೂವರನ್ನು ಹಿಡಿದು, ಈಗ ಎಲ್ಲಿದ್ದಾರೆ, ಎಷ್ಟು ಸಿಗುತ್ತಿದೆ ಅಂತ ಸಂಕೋಚ ಬಿಟ್ಟು ಕೇಳು. ಅವರು ಹೇಳಿದ ಅಂಕಿಗಳನ್ನೇ ನನ್ನ 100, 150ರ ಜಾಗದಲ್ಲಿಟ್ಟು ಲೆಕ್ಕ ಮಾಡಿ ನನಗೆ ಕಳಿಸು. ಅಲ್ಲಿಯವರೆಗೆ ಅಡ್ವಾನ್ಸ್ ಕಟ್ಟಬೇಡ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ