ಯೆಜ್ಡಿ ಕೊಡುತ್ತಿದ್ದೇನೆ, ಹಿಮಾಲಯನ್ ಬಂದಿದೆ

ಎಲ್ಲರಿಗೂ ನಮಸ್ಕಾರ. ಭಾನುವಾರದ ಸಕಲೇಶಪುರ ರೈಡ್‌ಗೆ ನಾನು ನನ್ನ ಹೊಸ ಬೈಕ್, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರಲ್ಲಿ ಬರುತ್ತೇನೆ.

ಅದರ ಬಗ್ಗೆ ಕೇಳಿದವರಿಗೆ: 452 ಸಿಸಿ, ಆರು ಗೇರ್, 17 ಲೀಟರ್ ಟ್ಯಾಂಕ್, ತೂಕ 196 ಕೆಜಿ. ಮುಂದಿನ ಚಕ್ರ 21 ಇಂಚು, ಗುಂಡಿಗಳನ್ನು ಕೇರೇ ಮಾಡುವುದಿಲ್ಲ. ಸೀಟಿನ ಎತ್ತರ 825 ಮಿಮೀ. ಶೋರೂಮಿನಲ್ಲಿ ಕೂತು, ಕಾಲು ಊರಿ ನೋಡದೆ ಸುಮ್ನೆ ಬುಕ್ ಮಾಡಬೇಡಿ.

ನನ್ನ ಹಳೇ ಬೈಕ್ ಯೆಜ್ಡಿ ರೋಡ್‌ಕಿಂಗ್ ಮಾರುತ್ತಿದ್ದೇನೆ, ಮೊದಲು ನಮ್ಮ ಗುಂಪಿನವರಿಗೆ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಹಾಗಾಗಿ ಸ್ಪೇರ್ಸ್ ಹುಡುಕುವ ತಾಳ್ಮೆ ಇರಬೇಕು. ಪೆಟ್ರೋಲ್‌ಗೆ ಪ್ರತಿ ಸಲ ಟೂಟಿ (2T) ಆಯಿಲ್, ಅಂದರೆ ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್ ಬೆರೆಸಬೇಕು. ಎಡಗಡೆಯ ಗೇರ್ ಲಿವರ್ರೇ ಕಿಕ್ಕರ್: ಒಳಕ್ಕೆ ಒತ್ತಿ ಮೇಲೆತ್ತಿ ಒದೆಯಬೇಕು. ಗೊತ್ತಿಲ್ಲದವರು ಬಲಗಡೆ ಕಿಕ್ಕರ್ ಹುಡುಕುವುದನ್ನು ನೋಡುವುದೇ ಒಂದು ಮಜಾ! ಗಾಡಿ ಕತ್ತರಿಸಿ ಕೆಫೆ ರೇಸರ್ (ಹಳೇ ರೇಸ್ ಬೈಕ್ ಸ್ಟೈಲ್) ಮಾಡುವ ಪ್ಲಾನ್ ಇರುವವರು ದಯವಿಟ್ಟು ಬೇಡ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆಗದೆ ಕೀ ಕೊಡುವುದಿಲ್ಲ, ಸ್ನೇಹಿತರಾದರೂ ಅಷ್ಟೇ. ರೇಟು ಇಲ್ಲಿ ಬೇಡ, ಪರ್ಸನಲ್ ಆಗಿ ಕೇಳಿ.

ಭಾನುವಾರ ಬೆಳಿಗ್ಗೆ 6ಕ್ಕೆ ನೆಲಮಂಗಲ ಟೋಲ್ ದಾಟಿದ ಮೇಲೆ ಸೇರೋಣ. ಹೊಸ ಗಾಡಿ, ಮೊದಲ ಸರ್ವಿಸ್ ಇನ್ನೂ ಆಗಿಲ್ಲ. ನಾನು ಹಿಂದೆ ನಿಧಾನಕ್ಕೆ ಬರುತ್ತೇನೆ, ತಿಂಡಿಗೆ ಕಾಯಬೇಡಿ.