ಎಷ್ಟು ರೊಟ್ಟಿಯ ಸಿನಿಮಾ?

ವಿಜಯಪುರ
ಮೇ ತಿಂಗಳು, ಭಾನುವಾರ ಮಧ್ಯಾಹ್ನ

ಕೂಸೇ,

ನಿನ್ನೆ ರಾತ್ರಿ ಫೋನಿನಲ್ಲಿ ‘ಸಿನಿಮಾ ಹೆಂಗಿತ್ತು?’ ಎಂದು ಕೇಳಿದೆ. ‘ಮಸ್ತ್ ಇತ್ತವ್ವಾ’ ಅಂದು ನೀನು ಫೋನ್ ಇಟ್ಟುಬಿಟ್ಟೆ. ಮೂರು ತಾಸು ಕೂತು ನೋಡಿದ್ದೀಯ. ಟಿಕೆಟ್ಟಿಗೂ ಪಾಪ್‌ಕಾರ್ನಿಗೂ ಸೇರಿ ಏಳುನೂರು ಹೋಯಿತು ಅಂತ ನೀನೇ ಹೇಳಿದೆ. ಅಷ್ಟಕ್ಕೆ ಒಂದೇ ಒಂದು ‘ಮಸ್ತ್’? ಯಾರಿಗೆ ಯಾರು ಏನಾಗಬೇಕು, ಯಾಕೆ ಜಗಳ ಬಿತ್ತು, ಕೊನೆಗೆ ಯಾರು ಉಳಿದರು, ಒಂದೂ ಹೇಳಲಿಲ್ಲ. ನಾನು ಹೀಗೆ ಮಾಡಿದ್ದರೆ ನಿನ್ನ ಆಯಿ, ಅಂದರೆ ನನ್ನ ಅವ್ವ, ಊಟಕ್ಕೆ ಹಾಕುತ್ತಿರಲಿಲ್ಲ.

ಹೊರಗೆ ಬಿಸಿಲು ಕಾದ ಹಂಚಿನ ಹಾಗಿದೆ. ಕರೆಂಟು ಈಗಷ್ಟೇ ಬಂತು. ಅಪ್ಪ ಮಲಗಿದ್ದಾರೆ. ಪೇಪರ್ ತಿದ್ದುವ ಕೆಲಸ ಮುಗಿದರೂ ಕೆಂಪು ಪೆನ್ನು ಕೈಗೆ ಅಂಟಿಕೊಂಡಿದೆ, ಅದರಲ್ಲೇ ಬರೆಯುತ್ತಿದ್ದೇನೆ. ಬೈಗುಳ ಅಂದುಕೊಳ್ಳಬೇಡ.

ನಾನೇನು ಸಿನಿಮಾ ಪಂಡಿತೆ ಅಲ್ಲ. ವರ್ಷಕ್ಕೆ ಎರಡೋ ಮೂರೋ ನೋಡುತ್ತೇನೆ. ಅದೂ ಶಾಲೆಗೆ ರಜೆ ಇದ್ದಾಗ ಮಾತ್ರ. ಹಾಗಾಗಿ ನನ್ನ ಪಾಲಿಗೆ ಬಂದದ್ದೆಲ್ಲ ಬೇಸಿಗೆಯ ದೊಡ್ಡ ದೊಡ್ಡ ಸಿನಿಮಾಗಳೇ. ಆಯಿಯಂತೂ ಟಾಕೀಸಿನ ಮೆಟ್ಟಿಲು ಹತ್ತಿದವಳಲ್ಲ. ‘ಮೂರು ತಾಸು ಕತ್ತಲದಾಗ ಕುಂತ್ರ ಎಮ್ಮಿ ಯಾರು ಹಿಂಡಬೇಕು?’ ಅನ್ನುತ್ತಿದ್ದಳು. ನಮ್ಮನ್ನು ಕಳಿಸುತ್ತಿದ್ದಳು, ಆದರೆ ಒಂದು ಕರಾರು. ಸಂಜೆ ಅವಳು ರೊಟ್ಟಿಗೆ ಕೂತಾಗ ಪಕ್ಕದಲ್ಲಿ ಕೂತು ಕತೆ ಹೇಳಬೇಕು. ದಿನಕ್ಕೆ ಇಪ್ಪತ್ತು ರೊಟ್ಟಿ. ಕಡೆಯ ರೊಟ್ಟಿ ಬುಟ್ಟಿಗೆ ಬೀಳುವ ತನಕ ಕತೆ ನಡೆದರೆ ಅದು ಒಳ್ಳೆಯ ಸಿನಿಮಾ. ನಡುವೆ ಮುಗಿದರೆ ‘ಆರು ರೊಟ್ಟಿದ್ದು’, ‘ಎಂಟು ರೊಟ್ಟಿದ್ದು’ ಎಂದು ತೀರ್ಪು ಕೊಟ್ಟುಬಿಡುತ್ತಿದ್ದಳು. ಪತ್ರಿಕೆಯವರು ಹಾಕುವ ನಕ್ಷತ್ರಗಳಿಗಿಂತ ನನಗೆ ಇವತ್ತಿಗೂ ಈ ಲೆಕ್ಕವೇ ಸರಿ ಅನ್ನಿಸುತ್ತದೆ.

1994ರಲ್ಲಿ ‘ಜುರಾಸಿಕ್ ಪಾರ್ಕ್’ ಹಿಂದಿಗೆ ಡಬ್ ಆಗಿ ನಮ್ಮ ಕಡೆ ಬಂತು. ನಿನ್ನ ಮಾಮಾ ನನ್ನನ್ನು ಕರೆದುಕೊಂಡು ಹೋಗಿದ್ದ. ಟಾಕೀಸಿನ ಕೂಲರಿನಲ್ಲಿ ನೀರು ಮುಗಿದು ಬರೀ ಬಿಸಿಗಾಳಿ. ಆದರೂ ಒಬ್ಬರೂ ಎದ್ದು ಹೋಗಲಿಲ್ಲ. ಮನೆಗೆ ಬಂದು ಹೇಳಲು ಕೂತರೆ ಮೊದಲ ರೊಟ್ಟಿಗೇ ತಕರಾರು. ‘ಹಲ್ಲಿ ಅಂತೀ, ಆನಿಗಿಂತ ದೊಡ್ಡದು ಅಂತೀ. ಸುಳ್ಳರೆ ಎಷ್ಟು ಹೇಳತಿ?’ ನಾನು ಮಳೆಯ ರಾತ್ರಿಯ ಕತೆಗೆ ಬಂದೆ. ಕಾರು ನಿಂತಿದೆ, ಒಳಗೆ ಮಕ್ಕಳಿದ್ದಾರೆ. ಲೋಟದಲ್ಲಿಟ್ಟ ನೀರು ತಾನಾಗೇ ನಡುಗುತ್ತದೆ. ಹೇಗೆ ಅಂತ ತೋರಿಸಲು ನಾನು ಏನೂ ಮಾಡಬೇಕಾಗಲಿಲ್ಲ. ಆಯಿ ರೊಟ್ಟಿ ಬಡಿಯುತ್ತಿದ್ದಳಲ್ಲ, ಪಕ್ಕದಲ್ಲಿ ರೊಟ್ಟಿಗೆ ಸವರುವ ನೀರಿನ ಬಟ್ಟಲು ಇತ್ತು. ಒಂದೊಂದು ಬಡಿತಕ್ಕೂ ನೀರಿನಲ್ಲಿ ಒಂದೊಂದು ಉಂಗುರ. ‘ಇಗಾ ನೋಡವ್ವಾ, ಹಿಂಗ’ ಅಂದೆ. ಅವಳು ಕೈ ನಿಲ್ಲಿಸಿದಳು. ನೀರೂ ನಿಂತಿತು. ಮತ್ತೆ ಮೆಲ್ಲಗೆ ಬಡಿದಳು. ಮತ್ತೆ ಉಂಗುರ. ‘ಬಂತೇನ ಅದು?’ ಎಂದು ಕೇಳಿದಳು, ದನಿ ಇಳಿಸಿ. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಗಿತ್ತು.

ಎರಡು ತಾಸಿನ ಆ ಸಿನಿಮಾದಲ್ಲಿ ಡೈನೋಸಾರ್‌ಗಳು ಕಾಣುವುದು ಎಲ್ಲ ಸೇರಿ ಹದಿನೈದು ನಿಮಿಷದಷ್ಟೇ ಅಂತ ಆಮೇಲೆ ಎಷ್ಟೋ ವರ್ಷಕ್ಕೆ ಓದಿದೆ. ಮೊದಲು ನಂಬಲಿಲ್ಲ. ಆಮೇಲೆ ಹೌದಲ್ಲ ಅನ್ನಿಸಿತು. ನಾನು ಆಯಿಗೆ ಹೇಳಿದ್ದು ನೀರಿನ ಕತೆ, ಪ್ರಾಣಿಯ ಕತೆ ಅಲ್ಲ.

ಬೇಸಿಗೆಗೆ ದೊಡ್ಡ ಸಿನಿಮಾ ಬಿಡುವ ಚಾಳಿ ಅಮೆರಿಕದಿಂದ ಬಂದದ್ದು. ಅಲ್ಲಿ ಮೊದಲು ಬೇಸಿಗೆಯೆಂದರೆ ಟಾಕೀಸಿಗೆ ಗಿರಾಕಿಯೇ ಇರುತ್ತಿರಲಿಲ್ಲವಂತೆ. ಸೆಖೆಗೆ ಯಾರು ಒಳಗೆ ಕೂರುತ್ತಾರೆ? 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಥಿಯೇಟರಿಗೆ ವಿಲ್ಲಿಸ್ ಕ್ಯಾರಿಯರ್ ಎ.ಸಿ. ಕೂಡಿಸಿದ ಮೇಲೆ ಜನ ತಂಪಿಗೆಂದೇ ಬರತೊಡಗಿದರು. ಇದನ್ನು ವಿಜಯಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಆಮೇಲೆ 1975ರ ಜೂನಿನಲ್ಲಿ ಶಾರ್ಕ್ ಮೀನಿನ ಕತೆಯ ‘ಜಾಸ್’ ಬಂತು. ಒಂದೇ ಸಲಕ್ಕೆ 400ಕ್ಕೂ ಹೆಚ್ಚು ಥಿಯೇಟರುಗಳಲ್ಲಿ ಬಿಟ್ಟರು, ಟಿವಿಯಲ್ಲಿ ಜಾಹೀರಾತು ಸುರಿಸಿದರು. ಅದರಲ್ಲಿ ಮಜಾ ಏನು ಗೊತ್ತಾ? ಮಾಡಿಸಿದ್ದ ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿದಾಗಲೆಲ್ಲ ಕೆಡುತ್ತಿತ್ತು. ಬೇರೆ ದಾರಿಯಿಲ್ಲದೆ ನಿರ್ದೇಶಕ ಸ್ಪೀಲ್‌ಬರ್ಗ್ ಮೊದಲ ಒಂದು ತಾಸು ಅದನ್ನು ಸರಿಯಾಗಿ ತೋರಿಸಲೇ ಇಲ್ಲ. ಬರೀ ನೀರು, ಸಂಗೀತ, ಕಾಲು ಬಡಿಯುವ ಜನ. ಜಗತ್ತೇ ಹೆದರಿತು. ಹದಿನೆಂಟು ವರ್ಷದ ಮೇಲೆ ನಮ್ಮ ಹಲ್ಲಿ ಸಿನಿಮಾ ಮಾಡಿದವನೂ ಅವನೇ. ಈಗಿನ ಕಂಪ್ಯೂಟರಿನ ಶಾರ್ಕ್ ಕೆಡುವುದೇ ಇಲ್ಲ. ಅದೇ ತೊಂದರೆ.

‘ಬಾಹುಬಲಿ’ಯದು ಬೇರೆಯೇ ಕತೆ. 2015ರ ಜುಲೈನಲ್ಲಿ ಮೊದಲ ಭಾಗ ನೋಡಿ ಬಂದು ಹೇಳಿದೆ. ಇಪ್ಪತ್ತು ರೊಟ್ಟಿ ಮುಗಿದವು, ಕಟ್ಟಪ್ಪ ಕತ್ತಿ ಹಾಕಿದ. ‘ಯಾಕ?’ ಅಂದಳು ಆಯಿ. ‘ಗೊತ್ತಿಲ್ಲವ್ವಾ, ಅಷ್ಟಕ್ಕೇ ಮುಗಿಸಿದರು’ ಅಂದೆ. ‘ಅರ್ಧಕ್ಕ ಎದ್ದು ಬಂದೀ ಏನ?’ ಎಂದು ನನ್ನ ಮೇಲೇ ಅನುಮಾನ ಪಟ್ಟಳು. ಎರಡು ವರ್ಷದ ಹತ್ತಿರ ಆ ಅನುಮಾನ ಹೋಗಲಿಲ್ಲ. 2017ರ ಏಪ್ರಿಲ್‌ನಲ್ಲಿ ಎರಡನೆಯದು ಬರುವ ಹೊತ್ತಿಗೆ ಕಟ್ಟಪ್ಪನ ಪಾತ್ರ ಮಾಡಿದ ಸತ್ಯರಾಜ್ ಹಿಂದೆ ಕಾವೇರಿ ವಿಷಯದಲ್ಲಿ ಆಡಿದ ಮಾತಿಗೆ ಗಲಾಟೆ ಎದ್ದಿತು. ಅವರು ವಿಷಾದ ಹೇಳಿದ ಮೇಲೆ 28ಕ್ಕೆ ಸಿನಿಮಾ ಬಂತು. ನಾನು ಓಡಿ ಹೋಗಿ ನೋಡಿ ಬಂದು ಉತ್ತರ ಒಪ್ಪಿಸಿದೆ. ರಾಜಮಾತೆಗೂ ಸೊಸೆಗೂ ಆಗಲಿಲ್ಲ, ಮಗ ಹೆಂಡತಿಯ ಪರ ನಿಂತ, ಕೊನೆಗೆ ರಾಜಮಾತೆಯೇ ಅಪ್ಪಣೆ ಕೊಟ್ಟಳು. ಆಯಿ ರೊಟ್ಟಿ ತಿರುವಿ ಹಾಕಿದಳು. ‘ಅತ್ತಿ-ಸೊಸಿ ಜಗಳಾ ಅನ್ನು. ಇದಕ್ಕ ಇಷ್ಟು ಆನಿ, ಇಷ್ಟು ಕುದರಿ?’ ಅಂದಳು. ಆದರೂ ಪೂರಾ ಇಪ್ಪತ್ತು ಕೊಟ್ಟಳು ಅನ್ನು.

‘ಅವೆಂಜರ್ಸ್: ಎಂಡ್‌ಗೇಮ್’ ನೆನಪಿದೆಯಾ? 2019ರ ಏಪ್ರಿಲ್ ಕೊನೆ. ನೀನೇ ಹಟ ಮಾಡಿ ಎಳೆದುಕೊಂಡು ಹೋದೆ. ಅದು ಆ ಸಾಲಿನ 22ನೆಯ ಸಿನಿಮಾ ಅಂತ ಒಳಗೆ ಕೂತ ಮೇಲೆ ಹೇಳಿದೆ. ಹಿಂದಿನ ಇಪ್ಪತ್ತೊಂದನ್ನು ಓದದೆ ಪರೀಕ್ಷೆಗೆ ಕೂತ ಹಾಗಾಯಿತು ನನಗೆ. ನಡುವೆ ಒಂದು ನಿದ್ದೆಯೂ ಆಯಿತು. ಕೊನೆಗೆ ನೀನು ಬಿಕ್ಕಿ ಬಿಕ್ಕಿ ಅತ್ತೆ. ನಾನು ಪರದೆ ಬಿಟ್ಟು ನಿನ್ನನ್ನೇ ನೋಡುತ್ತಿದ್ದೆ. ಆಯಿಗೆ ‘ಕಬ್ಬಿಣದ ಅಂಗಿ ತೊಟ್ಟವ ಸತ್ತ, ನಿನ್ನ ಮೊಮ್ಮಗಳು ಅತ್ತಳು’ ಅಂದೆ. ಒಂದು ರೊಟ್ಟಿ.

‘ಕೆಜಿಎಫ್’ನ ಮೊದಲ ಭಾಗ ಡಿಸೆಂಬರಿನದು, ಬೇಸಿಗೆ ಲೆಕ್ಕಕ್ಕೆ ಬರಲ್ಲ. ಆದರೂ ಬಿಡಲಾರೆ. ರಸ್ತೆಯಲ್ಲಿ ಬಿದ್ದ ಬನ್ನಿಗೋಸ್ಕರ ಪರದಾಡುವ ತಾಯಿಗೆಂದು ಹೀರೋ ಗಾಡಿಗಳನ್ನೆಲ್ಲ ನಿಲ್ಲಿಸುತ್ತಾನಲ್ಲ, ಅದನ್ನು ಆಯಿ ಎರಡು ಸಲ ಹೇಳಿಸಿಕೊಂಡಿದ್ದಳು. ಎರಡನೆಯ ಭಾಗ 2022ರ ಏಪ್ರಿಲ್ 14ಕ್ಕೆ ಬಂತು. ಕನ್ನಡದ ಸಿನಿಮಾ ದೇಶವೆಲ್ಲ ಓಡಿದ್ದಕ್ಕೆ ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಅದರ ಎಡಿಟಿಂಗ್ ಮಾಡಿದ ಉಜ್ವಲ್ ಕುಲಕರ್ಣಿ ನಮ್ಮ ಕಲಬುರಗಿ ಕಡೆಯ ಹುಡುಗ. ಅವನ ಕೈ ಚುರುಕು. ನನ್ನ ಕಣ್ಣು ಅಷ್ಟು ಚುರುಕಿಲ್ಲ. ಒಂದು ಮಾತು ಮುಗಿಯುವುದರೊಳಗೆ ಮೂರು ಸಲ ಕತ್ತಲಾಗಿ ಬೆಳಕಾಗುತ್ತದೆ. ಅದರ ಮೇಲೆ ಆ ಸದ್ದು! ಶಾಲೆ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದಾಗ ಎಲ್ಲ ಒಟ್ಟಿಗೆ ಕೂಗುತ್ತಾರೆ ನೋಡು, ಹಾಗೆ. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರುಗಡೆ ನಿಂತವರಿಗೆ ಮಾತು ಪೂರಾ ಕೇಳುತ್ತದೆ. ಕೂಗಿದರೆ ಮಾತು ಹೋಗಿ ಗದ್ದಲ ಉಳಿಯುತ್ತದೆ. ಆಗ ಆಯಿ ಹೋಗಿ ಒಂದು ವರ್ಷವಾಗಿತ್ತು. ನಾನು ರೊಟ್ಟಿಗೆ ಕೂತು ಮನಸ್ಸಿನಲ್ಲೇ ಅವಳಿಗೆ ಕತೆ ಹೇಳಿ ನೋಡಿದೆ. ನಾಲ್ಕಕ್ಕೆ ಮುಗಿಯಿತು. ಉಳಿದವನ್ನು ಸುಮ್ನೆ ಬಡಿದೆ.

ಒಂದು ಮಾತು ನಿನಗೆ ಇಷ್ಟು ದಿನ ಹೇಳಿರಲಿಲ್ಲ. 2016ರ ಮೇ ತಿಂಗಳು ಸೋಲಾಪುರದ ಮಾಮಾನ ಮನೆಗೆ ಹೋದಾಗ ಮರಾಠಿಯ ‘ಸೈರಾಟ್’ ಸಿನಿಮಾ ನೋಡಿದೆವಲ್ಲ. ನಿನಗಾಗ ಹನ್ನೆರಡು. ಕುಣಿತದ ಹಾಡಿನ ಸಿನಿಮಾ ಅಂದುಕೊಂಡು ಕರೆದೊಯ್ದೆ, ತಪ್ಪು ನನ್ನದು. ಹಾಡು ಬಂದಾಗ ಜನ ಕುರ್ಚಿ ಬಿಟ್ಟು ಪರದೆ ಮುಂದೆ ಹೋಗಿ ಕುಣಿದರು, ನೀನೂ ಕುಣಿದೆ. ದೊಡ್ಡ ಹೀರೋ ಇಲ್ಲ. ಅಕಲೂಜಿನ ಹುಡುಗಿ ರಿಂಕೂ ರಾಜಗುರು, ಆಗಿನ್ನೂ ಶಾಲೆಯ ವಯಸ್ಸು. ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ. ಅದೇ ನಮ್ಮ ಬಿಸಿಲು, ಅದೇ ಕಬ್ಬು, ಅದೇ ಬಾವಿ. ಪಾಟೀಲರ ಮಗಳು, ಮೀನು ಹಿಡಿಯುವವರ ಮಗ. ಕೊನೆಯಲ್ಲಿ ಸದ್ದನ್ನೇ ತೆಗೆದುಬಿಡುತ್ತಾನೆ ನಿರ್ದೇಶಕ ನಾಗರಾಜ ಮಂಜುಳೆ. ಬಸ್ಸು ಭೀಮಾ ಸೇತುವೆ ದಾಟುವ ತನಕ ನೀನು ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದ ದಿನ ಆಯಿ ಎಂದಿನಂತೆ ಕೇಳಿದಳು. ಅವಳ ತವರೂ ಅದೇ ಕಡೆ, ನಿನಗೆ ಗೊತ್ತು. ಹದಿನಾರು ರೊಟ್ಟಿಯ ತನಕ ಹೇಳಿದೆ. ಓಡಿ ಹೋದರು, ಹೈದರಾಬಾದಿನಲ್ಲಿ ಕಷ್ಟಪಟ್ಟರು, ಜಗಳಾಡಿದರು, ಒಂದು ಕೂಸಾಯಿತು. ಒಂದು ದಿನ ತವರಿನವರು ಬಂದರು, ತಾಯಿ ಕೊಟ್ಟು ಕಳಿಸಿದ ಉಡುಗೊರೆ ತಂದರು, ಅವಳು ಚಹಾ ಮಾಡಿ ಕೊಟ್ಟಳು. ಅಲ್ಲಿಗೆ ನಿಲ್ಲಿಸಿದೆ. ‘ಅಷ್ಟೇ ಅವ್ವಾ, ಮುಗೀತು’ ಅಂದೆ.

ಇನ್ನೂ ನಾಲ್ಕು ರೊಟ್ಟಿ ಬಾಕಿ. ಆಯಿ ಹಿಟ್ಟು ನಾದುತ್ತಾ ಕೇಳಿದಳು. ‘ಕೂಸು ಎಲ್ಲಿತ್ತು ಆಗ?’

‘ನೆರೆಮನಿಯಾಕಿ ಕೂಡ ಹೊರಗ ಹೋಗಿತ್ತು’ ಅಂದೆ.

‘ಹಂಗಾದ್ರ ಅದೊಂದು ಉಳೀತು.’

ಆ ನಾಲ್ಕು ರೊಟ್ಟಿಗೆ ಇಬ್ಬರೂ ಮಾತಾಡಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ನಿನ್ನ ಏಳುನೂರು ರೂಪಾಯಿಯ ಸಿನಿಮಾ ಎಷ್ಟು ರೊಟ್ಟಿಯದು? ಬುಧವಾರ ಸಂಜೆ ಏಳಕ್ಕೆ ಫೋನ್ ಮಾಡು, ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡುತ್ತೇನೆ. ಈಗ ಮನೆಯಲ್ಲಿ ಇಬ್ಬರೇ, ಆರು ರೊಟ್ಟಿ ಸಾಕು. ಆದರೂ ಅವತ್ತು ಇಪ್ಪತ್ತಕ್ಕೆ ಎಸರಿಡುತ್ತೇನೆ, ಉಳಿದರೆ ಒಣಗಿಸಿ ನಿನಗೇ ಕಳಿಸಿದರಾಯಿತು. ಶೇಂಗಾ ಚಟ್ನಿ ಆಗಲೇ ಡಬ್ಬಿಗೆ ತುಂಬಿದ್ದೇನೆ. ಇಂಗ್ಲಿಷ್ ಹೆಸರುಗಳನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳು.

ನಿನ್ನ
ಅವ್ವ